ತಲಿ ಲೆಕ್ಕ

ಗಿಣಿಗೇರಾ ಸ್ಟೇಷನ್ನಿನ ಆಚಿ ಮಗ್ಗಲ ನನ್ನ ಮನಿ.
ಪ್ಲಾಂಟು ಬರೂಕಿಂತ ಮೊದಲ ಎರಡು ಎಮ್ಮಿ ಇದ್ವು,
ಈಗ ಎಮ್ಮಿ ಇಲ್ಲ, ಗ್ವಾದಲಿ ಐತಿ.
ಒಡಸಬೇಕಂದೆ, ಗೌಂಡಿ ಐದು ಸಾವಿರ ಕೇಳಿದ,
ಬಿಟ್ಟೆ.
ಈಗ ಅದರಾಗ ಹೆಲ್ಮೆಟ್ಟು ಮಲಗ್ತಾವ,
ಮೇವು ಮುಗಿಸಿದ ಹಂಗ ಬೋರಲ ಬಿದ್ದು.
ಯಾವಾಗ ನೋಡಿದ್ರೂ ಆರು.

‘ಖೋಲಿ ಲೆಕ್ಕ ಬ್ಯಾಡ ಫಕೀರಕ್ಕ, ತಲಿ ಲೆಕ್ಕ ಹಿಡಿ’
ಅಂದಾಂವ ಕಂಟ್ರಾಕ್ಟರ್ ಉಮಾಪತಿ.
‘ತಲಿಗೆ ಎಂಟುನೂರು. ಹುಡುಗ್ರ ಪಗಾರದಾಗ
ನಾನಽ ಮುರಕೊಂಡು ನಿನ್ನ ಕೈಗೆ ಕೊಡ್ತೀನಿ.’
ನಾ ಎಣಿಸಿದೆ: ಮೂರು ಖೋಲಿ, ಆರು ಮಂಚ, ಆರು ತಲಿ.
ಆಂವ ನಕ್ಕ.
‘ಹಗಲು ಪಾಳಿಯಾಂವ ಎದ್ದ ಕೂಡ್ಲೆ
ರಾತ್ರಿ ಪಾಳಿಯಾಂವ ಬಂದು ಬೀಳ್ತಾನ.
ಮಂಚ ಯಾಕ ಹಗಲೆಲ್ಲ ಸುಮ್ನ ನಿಂದ್ರಬೇಕು?’

ಹೌದಲ್ಲ, ಅನಿಸ್ತು. ಸುಳ್ಳ ಯಾಕ ಹೇಳ್ಲಿ.
ಎಮ್ಮೀನೂ ದಿನಕ್ಕ ಎರಡು ಸಲ ಹಿಂಡ್ತಿದ್ದೆ.

ಮೂರನೇ ಖೋಲಿ, ಕಿಟಕಿ ಮಗ್ಗಲದ ಮಂಚ.
ಹಗಲು ಪಾಳಿ ಯಮನೂರಪ್ಪ, ತಾವರಗೇರಿ ಕಡೆಯಾಂವ.
ರಾತ್ರಿ ಪಾಳಿ ರಂಕನಿಧಿ, ಒಡಿಶಾದಾಂವ.
ಊರು ಗಂಜಾಂ ಅಂತಾನ,
ನನಗ ಗಂಜಿ ಅಂದಂಗ ಕೇಳಿಸ್ತೈತಿ.
ಒಬ್ಬರ ಮಾರಿ ಒಬ್ಬರು ನೋಡಿಲ್ಲ.
ಗೇಟಿನ ಹತ್ರ ದಾಟಿರಬೇಕು,
ಆ ಕರಿ ಧೂಳದಾಗ ಎಲ್ಲರ ಮಾರೀನೂ ಒಂದಽ.

ಇಂವ ಎದ್ದ ದಿಂಬಿನ ತೆಗ್ಗಿನಾಗ
ಆಂವ ಬಂದು ತಲಿ ಇಡ್ತಾನ.
ಹಾಸಿಗಿ ಆರೂದಽ ಇಲ್ಲ.
‘ಚಳಿಗಾಲದಾಗ ಅದೂ ಒಂದು ಸುಖ ಬಿಡಬೇ’
ಅಂದಿದ್ದ ಯಮನೂರಪ್ಪ.
ಬ್ಯಾಸಗ್ಯಾಗ ಏನೂ ಅನ್ನಲಿಲ್ಲ.

ಊರಿಗೆ ಹೋಗಿ ಬಂದಾಗ ಇಂವ
ಗುರೆಳ್ಳು ಚಟ್ನಿ ಅರ್ಧ ಕಟ್ಟಿ ಕಿಟಕ್ಯಾಗ ಇಡ್ತಾನ.
ಆಂವ ಚಾರ್ಜರಿನ ವೈರು ಉದ್ದ ಮಾಡಿ
ದಿಂಬಿನ ತನಕ ತಂದು ಬಿಟ್ಟಾನ.
ಒಂದು ದಿನ ಗಾದಿ ಕೆಳಗ ಕೂಸಿಂದೊಂದು ಫೋಟೊ ಉಳಿದಿತ್ತು,
ಯಮನೂರಪ್ಪ ಅದನ್ನ ಕಿಟಕಿ ಸಳಿಗೆ ನಿಂದ್ರಿಸಿ
ಗಾಳಿಗೆ ಬೀಳಬಾರದಂತ ಕಡ್ಡಿಪೆಟ್ಟಿಗಿ ಆನಿಸಿದ.
ಯಾರ ಕೂಸೋ, ಅಂದೆ.
‘ಆಂವಂದು.’
ಆಂವ ಅಂದ್ರ ಯಾರು, ಹೆಸರೇನು?
ಹೆಗಲು ತುರಿಸಿಕೊಂಡ.

ಮಾರ್ಚ್ ತಿಂಗಳು ಫರ್ನೇಸು ಆರಿಸಿದ್ರು. ಐದು ದಿನ ಶಟ್‌ಡೌನು.
ಸೈರನ್ ಇಲ್ಲದ ಸಂಜಿ ನನಗ ಹೊತ್ತಽ ತಿಳೀಲಿಲ್ಲ,
ಒಲಿ ಹಚ್ಚೂದು ಮರತೆ.
ಗ್ವಾದಲ್ಯಾಗ ಹನ್ನೆರಡು ಹೆಲ್ಮೆಟ್ಟು,
ಒಂದರ ಮ್ಯಾಲೊಂದು.

ಮಂಚದ ಆಚಿಗೊಬ್ಬ ಈಚಿಗೊಬ್ಬ,
ಬೀಗರ ಮನಿಗೆ ಬಂದವರ ಹಂಗ ನಿಂತಿದ್ರು.
ನೀ ಮಲಗು ಅಂತ ಇಂವ, ತುಮ್ ಸೋ ಜಾವ್ ಅಂತ ಆಂವ.
ಆಮ್ಯಾಲ ಯಮನೂರಪ್ಪ ಅಂವನ್ನ
ಮ್ಯಾಲಿಂದ ಕೆಳಗ ನೋಡಿದ:
‘ಇಷ್ಟಽ ಗಿಡ್ಡ ಏನಲೇ ನೀ?
ದಿಂಬು ನೋಡಿ ಭಾಳ ಎತ್ತರ ಅನಕೊಂಡಿದ್ದೆ.’
ರಂಕನಿಧಿಗೆ ತಿಳೀಲಿಲ್ಲ. ನಾನೂ ತಿಳಿಸಲಿಲ್ಲ.

ಯಾರೂ ಮಂಚಕ್ಕ ಮಲಗಲಿಲ್ಲ ಅವತ್ತು.
ಚಾದರ ಹೊತಗೊಂಡು ಹನ್ನೆರಡೂ ಮಂದಿ ಮಾಳಿಗಿ ಏರಿದ್ರು.
ಮ್ಯಾಲ ಇಸ್ಪೀಟು, ಯಾವುದೋ ಭಾಷೆದಾಗ ನಗಿ,
ನನ್ನ ನೆತ್ತಿ ಮ್ಯಾಲ ಹೊರಳಾಡೂ ಸಪ್ಪಳ.
ನಡುರಾತ್ರಿ ಎದ್ದು ಮೂರನೇ ಖೋಲಿಗೆ ಹೋದೆ,
ಯಾಕಂತ ಕೇಳಬ್ಯಾಡ್ರಿ.
ಲೈಟು ಹಾಕಲಿಲ್ಲ.
ಗಾದಿ ಮ್ಯಾಲ ಕೈ ಇಟ್ಟೆ.
ಎರಡು ವರ್ಷದಾಗ ಮೊದಲ ಸಲ
ತಣ್ಣಗಿತ್ತು.

ಆರನೇ ದಿನ ಮುಂಜಾನಿ ಉಮಾಪತಿ ಫೋನು:
‘ಐದು ದಿನ ಕೆಲಸ ಇಲ್ಲ, ಪಗಾರ ಇಲ್ಲ.
ಬಾಡಿಗಿ ಮಾತ್ರ ಪೂರಾ ಮುರೀತೀನಿ, ನೀ ಹೆದರಬ್ಯಾಡ.
ಎಷ್ಟು ತಲಿ ಬರಕೊಳ್ಳಲಿ?’
ವಹಿ ತೊಡಿ ಮ್ಯಾಲಿತ್ತು. ಪೆನ್ನೂ ಇತ್ತು.
ಹನ್ನೆರಡು ಅನ್ನಲೋ, ಆರು ಅನ್ನಲೋ,
ಆ ರಾತ್ರಿ ಮಂಚದ ಮ್ಯಾಲ ಇದ್ದದ್ದು ಸೊನ್ನಿ.
‘ಅಕ್ಕಾ, ಕೇಳಸ್ತೈತೇನು?’
ಅಷ್ಟೊತ್ತಿಗೆ ಸೈರನ್ ಆತು.
ಕೇಳಸವಲ್ದು ಅಂದೆ.
ಗ್ವಾದಲ್ಯಾಗಿಂದ ಆರು ಹೆಲ್ಮೆಟ್ಟು ಎದ್ದು ಹೊಂಟ್ವು.